ಷರತ್ತಿನ ಭಾಷೆ ಮತ್ತು ಬರೆದವರ ಹೊಣೆ

ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಖಾತೆ ತೆರೆಯುವವರು ‘ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಒತ್ತುವುದಕ್ಕೆ ಮೊದಲು ಅವರ ಮುಂದೆ ಬರುವ, ಸೇವೆ ಕೊಡುವ ಸಂಸ್ಥೆಯ ಮತ್ತು ಅದನ್ನು ಬಳಸುವವರ ಹಕ್ಕು-ಹೊಣೆಗಳನ್ನು ಗೊತ್ತುಪಡಿಸುವ ಬರಹಕ್ಕೆ ಬಳಕೆಯ ಷರತ್ತುಗಳು ಎಂದು ಹೆಸರು. ಕಾನೂನಿನ ಲೆಕ್ಕದಲ್ಲಿ ಇದೊಂದು ಕರಾರು. ಆದರೆ ಇಬ್ಬರು ಕುಳಿತು ಮಾತನಾಡಿ ಬರೆದುಕೊಂಡ ಕರಾರಲ್ಲ, ಒಬ್ಬರು ಮೊದಲೇ ಬರೆದಿಟ್ಟು ಲಕ್ಷಾಂತರ ಜನರ ಮುಂದೆ ಒಂದೇ ರೂಪದಲ್ಲಿ ಇಡುವ, ಉಳಿದವರು ಇಡಿಯಾಗಿ ಒಪ್ಪಬೇಕಾದ ಇಲ್ಲವೇ ಇಡಿಯಾಗಿ ಬಿಡಬೇಕಾದ ಕರಾರು. ಇಂತಹ ಬರಹ ಓದುವವರಿಗೆ ಅರ್ಥವಾಗುವಂತಿರಬೇಕೆಂಬ ಬೇಡಿಕೆ ಅಂತರಜಾಲದ ಜೊತೆಗೆ ಹುಟ್ಟಿದ್ದಲ್ಲ. ನ್ಯಾಯಾಲಯದ ಭಾಷೆ, ರೈಲು ಟಿಕೆಟ್ಟಿನ ಹಿಂಬದಿ, ಬ್ಯಾಂಕಿನ ಸಾಲಪತ್ರ, ವಿಮಾ ಪಾಲಿಸಿ ಇವೆಲ್ಲವನ್ನೂ ದಾಟಿ ಬಂದ ಹಲವು ಶತಮಾನಗಳ ಚರಿತ್ರೆ ಅದಕ್ಕಿದೆ. ಈ ಚರಿತ್ರೆಯನ್ನು ಉದ್ದಕ್ಕೂ ಅವಲೋಕಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ಅರ್ಥವಾಗದ ಬರಹದಿಂದಾಗುವ ನಷ್ಟವನ್ನು ಓದುವವರೇ ಹೊರುತ್ತಿದ್ದ ಕಾಲದಲ್ಲಿ ಉಪದೇಶಗಳಿಂದ ಹೆಚ್ಚೇನೂ ಬದಲಾಗಲಿಲ್ಲ, ಆ ನಷ್ಟವನ್ನು ಬರೆದವರ ಮೇಲೆ ಕಾನೂನು ಹೊರಿಸಿದ ಕಡೆಗಳಲ್ಲಿ ಭಾಷೆ ತಿಳಿಯಾಯಿತು.

ಇಂದಿನ ಷರತ್ತುಗಳ ಶೈಲಿಯ ಬೇರು ಬಹುಮಟ್ಟಿಗೆ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿದೆ. ನಾರ್ಮನ್ನರ ಆಳ್ವಿಕೆಯ ನಂತರ ಅಲ್ಲಿ ವಾದ ಫ್ರೆಂಚಿನಲ್ಲಿ, ದಾಖಲೆ ಲ್ಯಾಟಿನ್ನಿನಲ್ಲಿ, ಜನರ ಮಾತು ಇಂಗ್ಲಿಷಿನಲ್ಲಿ ನಡೆಯುವ ಸ್ಥಿತಿ ಏರ್ಪಟ್ಟಿತ್ತು. ಮೂರನೆಯ ಎಡ್ವರ್ಡನ ಕಾಲದಲ್ಲಿ, 1362ರಲ್ಲಿ, ಫ್ರೆಂಚ್ ಭಾಷೆ ಜನರಿಗೆ ತಿಳಿಯದಾದ್ದರಿಂದ ತಮ್ಮ ಪರವಾಗಿ ಅಥವಾ ವಿರುದ್ಧವಾಗಿ ಏನು ಹೇಳಲಾಗುತ್ತಿದೆ ಎಂಬುದೇ ಕಕ್ಷಿದಾರರಿಗೆ ಗೊತ್ತಾಗುವುದಿಲ್ಲವೆಂದು ಕಾರಣ ಕೊಟ್ಟು, ವಾದಗಳು ಇಂಗ್ಲಿಷಿನಲ್ಲೇ ನಡೆಯಬೇಕೆಂಬ ಶಾಸನವನ್ನು ಮಾಡಲಾಯಿತು. ಆದರೆ ಆ ಶಾಸನವನ್ನೇ ಫ್ರೆಂಚಿನಲ್ಲಿ ಬರೆಯಲಾಗಿತ್ತು, ದಾಖಲೆಗಳು ಲ್ಯಾಟಿನ್ನಿನಲ್ಲೇ ಮುಂದುವರಿದವು. ಅರಸೊತ್ತಿಗೆ ಇಲ್ಲದಿದ್ದ ಅಲ್ಪಾವಧಿಯಲ್ಲಿ, 1650ರಲ್ಲಿ, ಕಾನೂನಿನ ಗ್ರಂಥಗಳನ್ನೂ ನಡಾವಳಿಗಳನ್ನೂ ಇಂಗ್ಲಿಷಿಗೆ ತರಲು ಪಾರ್ಲಿಮೆಂಟು ಮಾಡಿದ ಕಾಯಿದೆ 1660ರಲ್ಲಿ ಅರಸರು ಮರಳಿದೊಡನೆ ಬಿದ್ದುಹೋಯಿತು. ನ್ಯಾಯಾಲಯದ ದಾಖಲೆಗಳಿಂದ ಲ್ಯಾಟಿನ್ ಹೊರಬಿದ್ದದ್ದು 1733ರ ಮಾರ್ಚ್‌ನಲ್ಲಿ, ಎಂದರೆ ಮೊದಲ ಶಾಸನವಾಗಿ 370 ವರ್ಷಗಳು ಕಳೆದ ಮೇಲೆ.

ಭಾಷೆಯ ಜೊತೆಗೆ ಉದ್ದದ ಸಮಸ್ಯೆಯೂ ಹಳೆಯದೇ. ನ್ಯಾಯಾಲಯದ ಬರಹಗಳ ಶುಲ್ಕವನ್ನು ಹಾಳೆಗಳ ಲೆಕ್ಕದಲ್ಲಿ ವಸೂಲು ಮಾಡುತ್ತಿದ್ದುದರಿಂದ ಒಂದು ಮಾತಿನಲ್ಲಿ ಮುಗಿಯುವುದನ್ನು ಹತ್ತು ಮಾತುಗಳಲ್ಲಿ ಬರೆಯುವುದೇ ಲಾಭದಾಯಕವಾಗಿತ್ತು. 1596ರಲ್ಲಿ ಲಂಡನ್ನಿನ ಚಾನ್ಸರಿ ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರತ್ಯುತ್ತರವೊಂದು 120 ಹಾಳೆಗಳಷ್ಟಿತ್ತು. ಅದರ ಸಾರವನ್ನು 16 ಹಾಳೆಗಳಲ್ಲಿ ಬರೆಯಬಹುದಿತ್ತೆಂದು ಕಂಡುಕೊಂಡ ನ್ಯಾಯಾಲಯವು ಆ ಹಾಳೆಗಳ ನಡುವೆ ತೂತು ಕೊರೆದು, ಅದನ್ನು ಬರೆದವನ ತಲೆಯನ್ನು ಅದರೊಳಗೆ ತೂರಿಸಿ, ಬರಹ ಹೊರಗೆ ಕಾಣುವಂತೆ ಅವನ ಹೆಗಲ ಮೇಲೆ ಇಳಿಬಿಟ್ಟು, ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಕಲಾಪ ನಡೆಯುತ್ತಿರುವಾಗಲೇ ಅವನನ್ನು ಸುತ್ತಿಸಬೇಕೆಂದೂ 10 ಪೌಂಡುಗಳ ದಂಡ ವಿಧಿಸಬೇಕೆಂದೂ ಆಜ್ಞೆ ಮಾಡಿತು. ಉದ್ದದ ಬರಹಕ್ಕೆ ಬರೆದವನನ್ನೇ ಹೊಣೆ ಮಾಡಿದ ಅಪರೂಪದ ಪ್ರಸಂಗವಿದು. ಹಾಳೆಯ ಲೆಕ್ಕದ ಶುಲ್ಕ ಮಾತ್ರ ಉಳಿದುಕೊಂಡಿತಾದ್ದರಿಂದ ಒಬ್ಬನ ಅವಮಾನದಿಂದ ರೂಢಿ ಬದಲಾಗಲಿಲ್ಲ.

ಒಬ್ಬರೇ ಬರೆದು ಎಲ್ಲರಿಗೂ ಅನ್ವಯಿಸುವ ಷರತ್ತುಗಳು ಸಾಮಾನ್ಯ ಜನರ ಕೈಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ರೈಲು ಮತ್ತು ಹಡಗಿನ ಟಿಕೆಟ್ಟುಗಳ ಮೂಲಕ. ಡಬ್ಲಿನ್ನಿನಿಂದ ವೈಟ್‌ಹೇವನ್ನಿಗೆ ಹೊರಟ ಪ್ರಯಾಣಿಕನೊಬ್ಬನ ಸಾಮಾನು ಹಡಗಿನ ಅಪಘಾತದಲ್ಲಿ ಹೋದಾಗ, ನಷ್ಟಕ್ಕೆ ತಾನು ಹೊಣೆಯಲ್ಲವೆಂದು ಟಿಕೆಟ್ಟಿನ ಹಿಂಬದಿಯಲ್ಲಿ ಅಚ್ಚಾಗಿದೆ ಎಂದು ಕಂಪನಿ ವಾದಿಸಿತು. ಹಿಂಬದಿಯನ್ನು ನೋಡಿ ಎಂಬ ಸೂಚನೆ ಮುಂಬದಿಯಲ್ಲಿ ಇಲ್ಲದ ಕಾರಣ ಪ್ರಯಾಣಿಕನು ಅದಕ್ಕೆ ಬದ್ಧನಲ್ಲವೆಂದು 1875ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಎರಡು ವರ್ಷಗಳ ಬಳಿಕ ಬಂದ ಪಾರ್ಕರ್ ಪ್ರಕರಣದಲ್ಲಿ, ರೈಲು ನಿಲ್ದಾಣದ ಕ್ಲೋಕ್‌ರೂಮಿನಲ್ಲಿ ಎರಡು ಪೆನ್ಸ್ ಕೊಟ್ಟು ಇರಿಸಿದ ಚೀಲ ಕಳೆದುಹೋಗಿತ್ತು; 10 ಪೌಂಡಿಗಿಂತ ಹೆಚ್ಚು ಬೆಲೆಯ ಸಾಮಾನಿಗೆ ಕಂಪನಿ ಹೊಣೆಯಲ್ಲವೆಂದು ಚೀಟಿಯ ಹಿಂಬದಿಯಲ್ಲಿತ್ತು, ಹಿಂದೆ ನೋಡಿ ಎಂಬ ಸೂಚನೆಯೂ ಮುಂದಿತ್ತು, ಚೀಲದ ಬೆಲೆ ಮಾತ್ರ 24 ಪೌಂಡುಗಳನ್ನು ಮೀರಿತ್ತು. ಗ್ರಾಹಕನು ಓದಿದನೇ ಎಂಬುದಕ್ಕಿಂತ, ಷರತ್ತು ಇದೆಯೆಂಬುದನ್ನು ಅವನ ಗಮನಕ್ಕೆ ತರಲು ಕಂಪನಿ ತಕ್ಕಷ್ಟು ಮಾಡಿತ್ತೇ ಎಂಬುದೇ ಮುಖ್ಯ ಪ್ರಶ್ನೆ ಎಂದು ಹೇಳಿದ ಮೇಲ್ಮನವಿ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿತು. ಯುಕ್ತ ಸೂಚನೆ ಎಂದು ಕರೆಯಲಾಗುವ ಈ ತತ್ತ್ವವೇ ಇಂದಿನ ‘ಒಪ್ಪುತ್ತೇನೆ’ ಗುಂಡಿಯ ಕಾನೂನಿಗೂ ತಳಹದಿ.

ಈ ತತ್ತ್ವಕ್ಕೆ ಎರಡು ಮುಖಗಳಿದ್ದವು. ಷರತ್ತನ್ನು ಕಾಣುವಂತೆ ಇಡುವ ಹೊಣೆಯನ್ನು ಅದು ಬರೆದವರ ಮೇಲೆ ಹಾಕಿತಾದರೂ, ಅದು ಅರ್ಥವಾಗುವಂತಿರಬೇಕೆಂದು ಕೇಳಲಿಲ್ಲ. ಸಹಿ ಬಿದ್ದಲ್ಲಿ ಕಾಣುವಂತಿರಬೇಕೆಂಬ ಹೊಣೆಯೂ ಕರಗುತ್ತಿತ್ತು: ಸಿಗರೇಟು ಮಾರುವ ಯಂತ್ರವನ್ನು ಕೊಂಡ ಚಹಾದಂಗಡಿಯ ಒಡತಿಯೊಬ್ಬಳು ಕಂದು ಕಾಗದದ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಷರತ್ತುಗಳನ್ನು ಓದದೆ ಸಹಿ ಹಾಕಿದ್ದಾಗ, ಸಹಿ ಹಾಕಿದವರು ಓದಿರಲಿ ಬಿಡಲಿ ಅದಕ್ಕೆ ಬದ್ಧರು ಎಂದು ಇಂಗ್ಲೆಂಡಿನ ನ್ಯಾಯಾಲಯ 1934ರಲ್ಲಿ ತೀರ್ಮಾನಿಸಿತು. ಒಂದು ಕಡೆಯವರಿಗೆ ಚೌಕಾಸಿಯ ಶಕ್ತಿಯೇ ಇಲ್ಲದ ಇಂತಹ ಕರಾರುಗಳನ್ನು ಫ್ರಾನ್ಸಿನ ನ್ಯಾಯಶಾಸ್ತ್ರಜ್ಞ ರೇಮೊಂ ಸಾಲೇಯ್ 1901ರಲ್ಲೇ ಅಂಟಿಕೊಳ್ಳುವ ಕರಾರುಗಳೆಂದು ವರ್ಗೀಕರಿಸಿದ್ದನು. 1943ರಲ್ಲಿ ಫ್ರೆಡ್ರಿಕ್ ಕೆಸ್ಲರ್ ಬರೆದ ಪ್ರಬಂಧದಿಂದ ಆ ವಿಚಾರ ಅಮೆರಿಕದಲ್ಲಿ ಗಟ್ಟಿಯಾಯಿತು. 1956ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್, ಕೆಲವು ಷರತ್ತುಗಳು ಎಷ್ಟು ಕಠೋರವೆಂದರೆ ಅವನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿ, ಅವುಗಳತ್ತ ಬೆರಳು ತೋರಿಸುವ ಕೆಂಪು ಕೈಯ ಚಿತ್ರವನ್ನೂ ಹಾಕಿದರೆ ಮಾತ್ರ ಸೂಚನೆ ಸಾಕೆನಿಸಬಹುದು ಎಂದು ಬರೆದರು. 1971ರಲ್ಲಿ ಲಂಡನ್ನಿನ ವಾಹನ ನಿಲುಗಡೆಯೊಂದರ ಪ್ರಕರಣದಲ್ಲಿ, ಯಂತ್ರ ಚೀಟಿಯನ್ನು ಹೊರಹಾಕುವ ಹೊತ್ತಿಗೆ ಕರಾರು ಆಗಿಹೋಗಿರುತ್ತದೆ, ಆಮೇಲೆ ತಿಳಿಸಿದ ಷರತ್ತು ಗ್ರಾಹಕನನ್ನು ಕಟ್ಟಿಹಾಕಲಾರದು ಎಂಬ ನಿಲುವನ್ನೂ ಅವರೇ ಮುಂದಿಟ್ಟರು.

ಭಾರತದಲ್ಲಿ ಈ ಚರಿತ್ರೆ ಸ್ವಲ್ಪ ಬೇರೆ ದಾರಿ ಹಿಡಿಯಿತು. ಕಾನೂನನ್ನು ವಕೀಲರಲ್ಲದವರೂ ಓದಿ ತಿಳಿಯುವಂತಿರಬೇಕೆಂಬ ಬೆಂಥಮ್‌ನ ವಿಚಾರದ ಪ್ರಭಾವಕ್ಕೆ ಒಳಗಾಗಿದ್ದ ಮೆಕಾಲೆ, 1837ರಲ್ಲಿ ಸಿದ್ಧಪಡಿಸಿದ ದಂಡ ಸಂಹಿತೆಯ ಕರಡಿನಲ್ಲಿ ಕಲಮುಗಳ ಕೆಳಗೆ ದೃಷ್ಟಾಂತಗಳನ್ನು ಸೇರಿಸುವ ಪದ್ಧತಿಯನ್ನು ತಂದನು. ದೃಷ್ಟಾಂತವೆಂದರೆ ನಿಯಮವು ನಿಜ ಜೀವನದಲ್ಲಿ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಒಂದೆರಡು ವಾಕ್ಯಗಳ ಸಣ್ಣ ಸನ್ನಿವೇಶದಿಂದ ತೋರಿಸುವ ಕ್ರಮ. 1860ರ ದಂಡ ಸಂಹಿತೆ ಮತ್ತು 1872ರ ಭಾರತೀಯ ಕರಾರು ಅಧಿನಿಯಮ ಎರಡರಲ್ಲೂ ಈ ಪದ್ಧತಿ ಉಳಿದು, ಇಂಗ್ಲೆಂಡಿನ ಶಾಸನಗಳಲ್ಲಿ ಇಲ್ಲದ ಸರಳತೆಯೊಂದು ಭಾರತದ ಕಾನೂನಿಗೆ ಬಂದಿತು. ಮತ್ತೊಂದು ಬೆಳವಣಿಗೆ ಇದಕ್ಕಿಂತಲೂ ಮುಖ್ಯವಾದುದು. ಪರದೆಯ ಹಿಂದೆ ಬದುಕುವ ಸ್ತ್ರೀಯರು ಬರೆದುಕೊಟ್ಟ ಪತ್ರಗಳ ವ್ಯಾಜ್ಯಗಳಲ್ಲಿ, ಪತ್ರವನ್ನು ಅವರಿಗೆ ಓದಿ ವಿವರಿಸಲಾಗಿತ್ತು, ಅವರು ಅದನ್ನು ತಿಳಿದೇ ಒಪ್ಪಿದ್ದರು ಎಂಬುದನ್ನು ಆ ಪತ್ರದಿಂದ ಲಾಭ ಪಡೆಯುವವರೇ ರುಜುವಾತು ಮಾಡಬೇಕೆಂದು ಪ್ರಿವಿ ಕೌನ್ಸಿಲ್ ಹೇಳುತ್ತ ಬಂದಿತು. ಭಾರತದ ನ್ಯಾಯಾಲಯಗಳು ಈ ರಕ್ಷಣೆಯನ್ನು ಅನಕ್ಷರಸ್ಥರಿಗೂ ವಿಸ್ತರಿಸಿದವು. ಕನ್ನಡದ ಕ್ರಯಪತ್ರ, ಭೋಗ್ಯಪತ್ರಗಳ ಕೊನೆಯಲ್ಲಿ ಪತ್ರವನ್ನು ಓದಿಸಿ ಕೇಳಿ ಒಪ್ಪಲಾಯಿತೆಂದು ನಮೂದಿಸುವ ರೂಢಿಯ ಹಿಂದೆಯೂ ಇದೇ ವಿವೇಕವಿದೆ. ಸಣ್ಣಕ್ಷರದ ಷರತ್ತುಗಳ ವಿಷಯದಲ್ಲಿ 1966ರಲ್ಲಿ ವರದಿಯಾದ ಮದ್ರಾಸ್ ಉಚ್ಚ ನ್ಯಾಯಾಲಯದ ತೀರ್ಪು ಪ್ರಸಿದ್ಧವಾದುದು: ಒಗೆಯಲು ಕೊಟ್ಟ ಬಟ್ಟೆ ಕಳೆದುಹೋದರೆ ಬೆಲೆಯ ಶೇಕಡಾ 15ರಷ್ಟನ್ನು ಮಾತ್ರ ಕೊಡುವುದಾಗಿ ರಸೀದಿಯ ಮೇಲೆ ಅಚ್ಚಾಗಿದ್ದ ಷರತ್ತನ್ನು ನ್ಯಾಯಾಲಯ ಸಾರ್ವಜನಿಕ ನೀತಿಗೆ ವಿರುದ್ಧವೆಂದು ತಳ್ಳಿಹಾಕಿತು. ಕೆಲಸ ಕಳೆದುಕೊಳ್ಳುವ ಭಯದಿಂದ ನೌಕರರು ಒಪ್ಪಬೇಕಾದ ಅನ್ಯಾಯದ ಷರತ್ತು ನಿಲ್ಲಲಾರದೆಂದು 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ ಸಾರಿತು.

ಷರತ್ತು ನ್ಯಾಯವಾಗಿರುವುದರ ಜೊತೆಗೆ ತಿಳಿಯುವಂತೆಯೂ ಇರಬೇಕೆಂಬ ನಿಯಮ ಮೊದಲು ರೂಪುಗೊಂಡದ್ದು ಅಮೆರಿಕದಲ್ಲಿ. ಡೇವಿಡ್ ಮೆಲಿಂಕಾಫ್ 1963ರಲ್ಲಿ ಪ್ರಕಟಿಸಿದ ಗ್ರಂಥವು ಕಾನೂನಿನ ಕ್ಲಿಷ್ಟ ಭಾಷೆಯ ಬಹುಪಾಲು ನಿಖರತೆಗಾಗಿ ಬೆಳೆದದ್ದಲ್ಲ, ಬರಿಯ ಅಭ್ಯಾಸದಿಂದ ಉಳಿದದ್ದು ಎಂದು ಐತಿಹಾಸಿಕವಾಗಿ ತೋರಿಸಿತ್ತು. 1975ರಲ್ಲಿ ನ್ಯೂಯಾರ್ಕಿನ ಸಿಟಿಬ್ಯಾಂಕ್ ತನ್ನ ಗ್ರಾಹಕರ ಸಾಲಪತ್ರವನ್ನು ‘ನಾನು’, ‘ನೀವು’ ಎಂಬ ಮಾತುಗಳಲ್ಲಿ, ಚಿಕ್ಕ ವಾಕ್ಯಗಳಲ್ಲಿ ಹೊಸದಾಗಿ ಬರೆಯಿಸಿತು; ಈ ಕೆಲಸದಲ್ಲಿ ಬ್ಯಾಂಕಿನ ವಕೀಲ ಕಾರ್ಲ್ ಫೆಲ್ಸನ್‌ಫೆಲ್ಡ್ ಜೊತೆಗೆ ದಾಖಲೆಗಳ ವಿನ್ಯಾಸದಲ್ಲಿ ಪರಿಣತನಾದ ಅಲನ್ ಸೀಗಲ್ ಸೇರಿದ್ದನು. ಸಾಲ ಯಾವಾಗ ಸುಸ್ತಿಯಾಗುತ್ತದೆ ಎಂಬುದನ್ನು ಹೇಳಲು ಹಳೆಯ ಪತ್ರ ಬಳಸಿದ್ದ ಜಟಿಲವಾದ ದೀರ್ಘ ವಾಕ್ಯದ ಜಾಗದಲ್ಲಿ ಕಂತು ಸಮಯಕ್ಕೆ ಬಾರದಿದ್ದಾಗ ಎಂಬಂತಹ ಸುಲಭವಾದ ಮಾತು ಬಂದಿತು. ಇದರಿಂದ ಬ್ಯಾಂಕಿನ ಹಕ್ಕಿಗೆ ಧಕ್ಕೆಯಾಗಲಿಲ್ಲವೆಂಬುದೇ ಶಾಸಕರಿಗೆ ಬೇಕಾದ ಪುರಾವೆಯಾಯಿತು. ಶಾಸಕ ಪೀಟರ್ ಸಲಿವನ್ ಮಂಡಿಸಿದ, 1978ರ ನವೆಂಬರ್‌ನಲ್ಲಿ ಜಾರಿಗೆ ಬಂದ ನ್ಯೂಯಾರ್ಕ್ ಕಾನೂನು, ವಾಸದ ಮನೆಯ ಬಾಡಿಗೆ ಕರಾರುಗಳೂ ಗೊತ್ತಾದ ಮಿತಿಯೊಳಗಿನ ಗ್ರಾಹಕರ ಕರಾರುಗಳೂ ದಿನಬಳಕೆಯ ಮಾತುಗಳಲ್ಲಿ, ಸ್ಪಷ್ಟವಾಗಿ, ಭಾಗಗಳಾಗಿ ವಿಂಗಡಿಸಿ ಬರೆದಿರಬೇಕೆಂದು ವಿಧಿಸಿ, ತಪ್ಪಿದವರು ಆದ ನಷ್ಟದ ಜೊತೆಗೆ 50 ಡಾಲರುಗಳನ್ನು ಕೊಡಬೇಕೆಂದಿತು. ಮೊತ್ತ ಚಿಕ್ಕದೇ ಆಗಿದ್ದರೂ ಅರ್ಥವಾಗದಂತೆ ಬರೆಯುವುದಕ್ಕೆ ಮೊದಲ ಬಾರಿಗೆ ಒಂದು ಬೆಲೆ ಗೊತ್ತಾಯಿತು.

ಕನೆಕ್ಟಿಕಟ್ ರಾಜ್ಯ 1979ರಲ್ಲಿ ಇನ್ನೂ ಮುಂದೆ ಹೋಗಿ ಸರಳತೆಗೆ ಅಳತೆಯನ್ನೇ ಕೊಟ್ಟಿತು: ಅದರ ಒಂದು ಪರೀಕ್ಷೆಯ ಪ್ರಕಾರ ವಾಕ್ಯಗಳ ಸರಾಸರಿ ಉದ್ದ 22 ಪದಗಳಿಗಿಂತ ಕಡಿಮೆ ಇರಬೇಕು, ಯಾವ ವಾಕ್ಯವೂ 50 ಪದಗಳನ್ನು, ಯಾವ ಪ್ಯಾರಾವೂ 150 ಪದಗಳನ್ನು ಮೀರಬಾರದು. ಇಂತಹ ಎಣಿಕೆಯ ಹಿಂದೆ 1940ರ ದಶಕದಲ್ಲಿ ರುಡಾಲ್ಫ್ ಫ್ಲೆಶ್ ರೂಪಿಸಿದ ಓದಿನ ಸುಲಭತೆಯ ಸೂತ್ರವಿತ್ತು. ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಾಂಶ ಎಂಬುದರಿಂದ ಅದು ಬರಹದ ಕಷ್ಟವನ್ನು ಅಳೆಯುತ್ತದೆ. ಎಣಿಸಬಹುದಾದದ್ದನ್ನು ಪಾಲಿಸಿಯೂ ಗೋಜಲಾಗಿ ಬರೆಯಬಹುದೆಂಬುದು ಈ ವಿಧಾನದ ಮಿತಿ. ವಿಭಕ್ತಿ, ಪ್ರತ್ಯಯ, ಸಂಧಿಗಳಿಂದ ಪದಗಳು ಸಹಜವಾಗಿ ಉದ್ದವಾಗುವ ಕನ್ನಡಕ್ಕೆ ಇಂಗ್ಲಿಷಿನ ಈ ಅಳತೆಗೋಲು ಹಾಗೆಯೇ ಹೊಂದುವುದೂ ಇಲ್ಲ. ಬ್ರಿಟನ್ನಿನಲ್ಲಿ ಕ್ರಿಸ್ಸಿ ಮೇಹರ್ 1979ರಲ್ಲಿ ಪಾರ್ಲಿಮೆಂಟಿನ ಎದುರು ಸರ್ಕಾರಿ ಅರ್ಜಿ ನಮೂನೆಗಳನ್ನು ಚೂರುಚೂರು ಮಾಡಿ ಆರಂಭಿಸಿದ ಆಂದೋಲನ ಜನಾಭಿಪ್ರಾಯವನ್ನು ರೂಪಿಸಿತು. 1993ರ ಯುರೋಪಿಯನ್ ನಿರ್ದೇಶನ, ಗ್ರಾಹಕರ ಕರಾರುಗಳು ಸರಳವಾಗಿ, ತಿಳಿಯುವಂತೆ ಬರೆದಿರಬೇಕು ಮತ್ತು ಅರ್ಥದಲ್ಲಿ ಸಂದೇಹ ಬಂದರೆ ಗ್ರಾಹಕರಿಗೆ ಅನುಕೂಲವಾದ ಅರ್ಥವನ್ನೇ ಹಿಡಿಯಬೇಕು ಎಂದಿತು. ಅಸ್ಪಷ್ಟತೆಯ ನಷ್ಟವನ್ನು ಬರೆದವರೇ ಹೊರಬೇಕೆಂಬ ನಿಯಮ ಇಲ್ಲಿ ಒಂದು ಖಂಡದ ಕಾನೂನಾಯಿತು.

ಇಷ್ಟು ದೂರ ಬಂದಿದ್ದ ವಿಚಾರವನ್ನು ಗಣಕಯಂತ್ರದ ಉದ್ಯಮ ಹಿಂದಕ್ಕೆ ತಿರುಗಿಸಿತು. ಸಾಫ್ಟ್‌ವೇರ್ ಡಬ್ಬಿಯ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದರೆ ಒಳಗಿರುವ ಪರವಾನಗಿಯ ಷರತ್ತುಗಳನ್ನು ಒಪ್ಪಿದಂತೆ ಎಂಬ ಪದ್ಧತಿ 1980ರ ದಶಕದಲ್ಲಿ ಹರಡಿತ್ತು; ಹಣ ಕೊಟ್ಟು ಕೊಂಡ ಮೇಲೆ ಕಾಣಸಿಗುವ ಷರತ್ತು ಕೂಡ, ಅದು ಒಪ್ಪಿಗೆಯಾಗದಿದ್ದರೆ ಸರಕನ್ನು ಹಿಂದಿರುಗಿಸುವ ಅವಕಾಶವಿದ್ದಲ್ಲಿ, ಕೊಂಡವರನ್ನು ಕಟ್ಟಿಹಾಕುತ್ತದೆ ಎಂದು 1996ರ ಪ್ರೊಸಿಡಿ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಧೀಶ ಫ್ರಾಂಕ್ ಈಸ್ಟರ್‌ಬ್ರೂಕ್ ತೀರ್ಪಿತ್ತರು. ಜಾಲತಾಣಗಳು ಹೊದಿಕೆಯ ಜಾಗದಲ್ಲಿ ಗುಂಡಿಯನ್ನು ತಂದವು. ಕೆಲವು ಅದನ್ನೂ ಬಿಟ್ಟು, ತಾಣವನ್ನು ಬಳಸುವುದೇ ಒಪ್ಪಿಗೆ ಎಂದು ಪುಟದ ತಳದ ಕೊಂಡಿಯಲ್ಲಿ ಬರೆದುಕೊಂಡವು. 2002ರಲ್ಲಿ ನೆಟ್‌ಸ್ಕೇಪ್ ಪ್ರಕರಣದಲ್ಲಿ, ಡೌನ್‌ಲೋಡ್ ಗುಂಡಿಗಿಂತ ಕೆಳಗೆ, ಪುಟವನ್ನು ಸರಿಸಿದರೆ ಮಾತ್ರ ಕಾಣುತ್ತಿದ್ದ ಕೊಂಡಿಯಲ್ಲಿನ ಷರತ್ತಿಗೆ ಬಳಕೆದಾರರು ಬದ್ಧರಲ್ಲ ಎಂದು ತೀರ್ಪು ಬರೆದವರು ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮಯೋರ್. ಈ ತೀರ್ಪು ಟಿಕೆಟ್ ಪ್ರಕರಣಗಳ ತತ್ತ್ವದ ಮುಂದುವರಿಕೆಯೇ ಹೌದು, ಆದರೆ ಅದು ಕೇಳಿದ್ದೂ ಕಾಣುವಿಕೆಯನ್ನು ಮಾತ್ರ. ಕಣ್ಣಿಗೆ ಬೀಳುವ ಕಡೆ ಗುಂಡಿಯಿಟ್ಟರೆ ಕಾನೂನಿನ ಅಗತ್ಯ ತೀರಿತಾದ್ದರಿಂದ, ಹಾಳೆಯ ಖರ್ಚೂ ಇಲ್ಲದ ಪರದೆಯ ಮೇಲೆ ಷರತ್ತುಗಳು ಮಿತಿಯಿಲ್ಲದೆ ಬೆಳೆದವು.

ಬೆಳವಣಿಗೆ ಎಷ್ಟರಮಟ್ಟಿನದೆಂಬುದನ್ನು ಕೆಲವು ಅಧ್ಯಯನಗಳು ಅಳೆದು ತೋರಿಸಿವೆ. ಅಮೆರಿಕದ ಒಬ್ಬ ಬಳಕೆದಾರ ತಾನು ಭೇಟಿ ಕೊಡುವ ತಾಣಗಳ ಖಾಸಗಿತನದ ನೀತಿಗಳನ್ನೆಲ್ಲ ಓದಬೇಕಾದರೆ ವರ್ಷಕ್ಕೆ ಸುಮಾರು 201 ಗಂಟೆಗಳು ಬೇಕೆಂದು 2008ರಲ್ಲಿ ಅಲೀಷಿಯಾ ಮೆಕ್‌ಡೊನಾಲ್ಡ್ ಮತ್ತು ಲೊರಿ ಕ್ರೇನರ್ ಅಂದಾಜು ಮಾಡಿದರು. ನಾರ್ವೆಯ ಗ್ರಾಹಕ ಮಂಡಳಿ 2016ರಲ್ಲಿ 33 ಆ್ಯಪ್‌ಗಳ ಷರತ್ತುಗಳನ್ನು ಸಾರ್ವಜನಿಕವಾಗಿ ಗಟ್ಟಿಯಾಗಿ ಓದಿಸಿದಾಗ ಅದಕ್ಕೆ ಹೆಚ್ಚುಕಡಿಮೆ 32 ಗಂಟೆಗಳು ಹಿಡಿದವು. ಜೊನಾಥನ್ ಓಬರ್ ಮತ್ತು ಆನ್ ಓಲ್‌ಡಾರ್ಫ್-ಹರ್ಷ್ ನಡೆಸಿದ ಪ್ರಯೋಗದಲ್ಲಿ 543 ವಿದ್ಯಾರ್ಥಿಗಳ ಮುಂದೆ ಕಾಲ್ಪನಿಕ ಜಾಲತಾಣವೊಂದರ ಷರತ್ತುಗಳನ್ನು ಇಟ್ಟು, ಮೊದಲ ಮಗುವನ್ನು ಸಂಸ್ಥೆಗೆ ಒಪ್ಪಿಸಬೇಕೆಂಬ ಷರತ್ತನ್ನೂ ಅದರಲ್ಲಿ ಸೇರಿಸಲಾಗಿತ್ತು. ನೂರಕ್ಕೆ 98 ಮಂದಿ ಅದನ್ನು ಗಮನಿಸಲಿಲ್ಲ.

ಉದ್ಯಮದ ಒಳಗಿನಿಂದಲೂ ಹೊರಗಿನಿಂದಲೂ ಸರಳಗೊಳಿಸುವ ಪ್ರಯತ್ನಗಳು ನಡೆದವು. 2002ರ ಡಿಸೆಂಬರ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ಹೊರತಂದ ಪರವಾನಗಿಗಳು ಮೂರು ಪದರಗಳಲ್ಲಿದ್ದವು: ವಕೀಲರಿಗಾಗಿ ಪೂರ್ಣ ಪಠ್ಯ, ಜನರಿಗಾಗಿ ಚಿಹ್ನೆಗಳಿಂದ ಕೂಡಿದ ಒಂದು ಪುಟದ ಸಾರ, ಯಂತ್ರಗಳಿಗಾಗಿ ಸಂಕೇತ. ಅದೇ ವರ್ಷ ವರ್ಲ್ಡ್ ವೈಡ್ ವೆಬ್ ಒಕ್ಕೂಟವು ಖಾಸಗಿತನದ ನೀತಿಯನ್ನು ಬ್ರೌಸರೇ ಓದಿ ಬಳಕೆದಾರರಿಗೆ ತಿಳಿಸುವ ಪಿ3ಪಿ ಎಂಬ ಮಾನಕವನ್ನು ಪ್ರಕಟಿಸಿತು. ಪಾಲಿಸದವರಿಗೆ ನಷ್ಟವೇನೂ ಇಲ್ಲದ್ದರಿಂದ ಅದು ಮೂಲೆ ಸೇರಿತು. ಛಾಯಾಚಿತ್ರಗಳ ತಾಣವಾದ 500ಪಿಎಕ್ಸ್ ಒಂದು ಕಾಲಂನಲ್ಲಿ ಕಾನೂನಿನ ಪಠ್ಯವನ್ನೂ ಅದರ ಪಕ್ಕದ ಕಾಲಂನಲ್ಲಿ ಅದರ ಸಾರವನ್ನು ಆಡುಮಾತಿನಲ್ಲೂ ಕೊಟ್ಟು ಮೆಚ್ಚುಗೆ ಪಡೆಯಿತು. 2012ರಲ್ಲಿ ಯುರೋಪಿನಲ್ಲಿ ಆರಂಭವಾದ ಸ್ವಯಂಸೇವಕರ ಯೋಜನೆಯೊಂದು ಪ್ರಸಿದ್ಧ ತಾಣಗಳ ಷರತ್ತುಗಳನ್ನು ಓದಿ ದರ್ಜೆ ಕೊಡತೊಡಗಿತು. ಇವೆಲ್ಲ ಮಾದರಿಗಳಾಗಿ ಬೆಲೆಯುಳ್ಳವು. ಆದರೂ ಪಠ್ಯಕ್ಕೂ ಸಾರಕ್ಕೂ ವ್ಯತ್ಯಾಸ ಬಂದರೆ ನಿಲ್ಲುವುದು ಯಾವುದು ಎಂಬ ಪ್ರಶ್ನೆಗೆ ಹೆಚ್ಚಿನ ಕಡೆ ಪಠ್ಯವೇ ಎಂಬ ಉತ್ತರವಿದ್ದುದರಿಂದ, ಓದಬಹುದಾದ ಭಾಗ ಬಂಧಿಸುವ ಭಾಗವಾಗಲಿಲ್ಲ.

ಆ ಅಂತರವನ್ನು ಕಡಿಮೆ ಮಾಡಿದ್ದು 2018ರ ಮೇ 25ರಿಂದ ಜಾರಿಯಾದ ಯುರೋಪಿಯನ್ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಂತ್ರಣ. ಅದರ 12ನೇ ಅನುಚ್ಛೇದವು ವೈಯಕ್ತಿಕ ದತ್ತಾಂಶದ ಬಗೆಗಿನ ಮಾಹಿತಿ ಸಂಕ್ಷಿಪ್ತವಾಗಿ, ಸುಲಭವಾಗಿ ಸಿಗುವಂತೆ, ತಿಳಿಯಾದ ಭಾಷೆಯಲ್ಲಿ ಇರಬೇಕೆಂದೂ ಮಕ್ಕಳಿಗೆ ಹೇಳುವಲ್ಲಿ ಇದನ್ನು ವಿಶೇಷವಾಗಿ ಪಾಲಿಸಬೇಕೆಂದೂ ವಿಧಿಸುತ್ತದೆ. 2019ರ ಜನವರಿಯಲ್ಲಿ ಫ್ರಾನ್ಸಿನ ನಿಯಂತ್ರಣ ಸಂಸ್ಥೆ ಗೂಗಲ್‌ಗೆ 5 ಕೋಟಿ ಯೂರೋ ದಂಡ ಹಾಕಿದಾಗ ಕೊಟ್ಟ ಕಾರಣಗಳಲ್ಲಿ, ಮುಖ್ಯ ಮಾಹಿತಿ ಹಲವು ದಾಖಲೆಗಳಲ್ಲಿ ಚದುರಿಹೋಗಿದ್ದು ಅದನ್ನು ತಲುಪಲು ಕೆಲವೊಮ್ಮೆ ಐದಾರು ಹೆಜ್ಜೆಗಳು ಬೇಕಾಗುತ್ತಿದ್ದವು ಎಂಬುದೂ ಒಂದು. 2021ರಲ್ಲಿ ನೆದರ್ಲೆಂಡ್ಸಿನ ನಿಯಂತ್ರಣ ಸಂಸ್ಥೆ ಟಿಕ್‌ಟಾಕ್‌ಗೆ 7,50,000 ಯೂರೋ ದಂಡ ವಿಧಿಸಿದ್ದು ಇನ್ನೂ ನೇರವಾದ ಕಾರಣಕ್ಕೆ: ಡಚ್ ಮಕ್ಕಳು ಬಳಸುವ ಆ್ಯಪ್‌ನ ಖಾಸಗಿತನದ ಹೇಳಿಕೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು.

ಬಂಧಿಸುವ ಮಾತು ಬದ್ಧರಾಗಬೇಕಾದವರ ಭಾಷೆಯಲ್ಲೇ ಇರಬೇಕೆಂಬ ತಿಳಿವಳಿಕೆ ಕನ್ನಡ ನಾಡಿಗೆ ಅಪರಿಚಿತವಲ್ಲ. ಕರ್ನಾಟಕದ ಅನೇಕ ದ್ವಿಭಾಷಾ ಶಾಸನಗಳಲ್ಲಿ ಅರಸರ ವಂಶಾವಳಿ ಮತ್ತು ಪ್ರಶಸ್ತಿ ಸಂಸ್ಕೃತದಲ್ಲಿದ್ದರೆ, ದತ್ತಿ ಕೊಟ್ಟ ಭೂಮಿಯ ಚತುಸ್ಸೀಮೆ, ಅಳತೆ, ತೆರಿಗೆಯ ವಿವರ ಕನ್ನಡದಲ್ಲಿರುತ್ತವೆ. ಗಡಿಯನ್ನು ಕಾಯಬೇಕಾದ ಊರವರಿಗೆ ತಿಳಿಯದಿದ್ದರೆ ದತ್ತಿಯೇ ಉಳಿಯದಾದ್ದರಿಂದ, ಇಲ್ಲಿ ಅರ್ಥವಾಗುವಂತೆ ಬರೆಯುವುದು ಬರೆಸಿದವರ ಸ್ವಂತ ಹಿತವೇ ಆಗಿತ್ತು. ಆಧುನಿಕ ಕಾಲದಲ್ಲಿ ಈ ಹಿತವನ್ನು ಕಾನೂನು ಹೊಸದಾಗಿ ಹುಟ್ಟಿಸಬೇಕಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಬೆನ್ನಿಗೆ ಬೆಳೆದುಬಂದ ಚರ್ಚೆಯ ಫಲವಾಗಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. ಅದರ ಪ್ರಕಾರ ಸಮ್ಮತಿಯ ಕೋರಿಕೆ ಸ್ಪಷ್ಟವಾದ ಸರಳ ಭಾಷೆಯಲ್ಲಿರಬೇಕು. ಅದನ್ನೂ ಅದರ ಜೊತೆಗಿನ ಸೂಚನೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು, ಎಂದರೆ ಕನ್ನಡದಲ್ಲೂ ಸಿಗಬೇಕು. 1872ರ ಅಧಿನಿಯಮದಂತೆ ಇದೂ ದೃಷ್ಟಾಂತಗಳನ್ನು ಬಳಸುತ್ತದೆ: ದೂರವೈದ್ಯಕೀಯ ಆ್ಯಪ್ ಒಂದು ಚಿಕಿತ್ಸೆಗೆ ಬೇಕಿಲ್ಲದ ಫೋನಿನ ಸಂಪರ್ಕಗಳ ಪಟ್ಟಿಗೂ ಒಪ್ಪಿಗೆ ಪಡೆದರೆ, ಆ ಪಟ್ಟಿಯ ಮಟ್ಟಿಗೆ ಒಪ್ಪಿಗೆ ಸಲ್ಲುವುದಿಲ್ಲವೆಂದು ಒಂದು ದೃಷ್ಟಾಂತ ಹೇಳುತ್ತದೆ. ಸಾಲದ ವ್ಯವಹಾರದಲ್ಲೂ ಇದೇ ದಿಕ್ಕಿನ ಬದಲಾವಣೆಯಾಗಿದ್ದು, ಸಾಲದ ಮುಖ್ಯ ಸಂಗತಿಗಳ ಪತ್ರ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಆದೇಶಿಸಿತು.

2023ರ ಅಧಿನಿಯಮದಲ್ಲಿ ಚರಿತ್ರೆಯ ದೃಷ್ಟಿಯಿಂದ ಅತ್ಯಂತ ಮಹತ್ವದ್ದು ಭಾಷೆಯ ಆಯ್ಕೆಗಿಂತಲೂ ಅದರ ರುಜುವಾತಿನ ನಿಯಮ. ಸಮ್ಮತಿಯ ಬಗ್ಗೆ ವ್ಯಾಜ್ಯ ಬಂದರೆ, ನಿಯಮದಂತೆ ಸೂಚನೆ ಕೊಟ್ಟು ಸಮ್ಮತಿ ಪಡೆಯಲಾಗಿತ್ತೆಂದು ದತ್ತಾಂಶ ಪಡೆದ ಸಂಸ್ಥೆಯೇ ಸಾಬೀತು ಮಾಡಬೇಕು. ಪರದೆಯ ಹಿಂದಿನ ಸ್ತ್ರೀಯರಿಗೂ ಅನಕ್ಷರಸ್ಥರಿಗೂ ನ್ಯಾಯಾಲಯಗಳು ಕೊಟ್ಟಿದ್ದ ರಕ್ಷಣೆಯ ತಿರುಳು ಇದರಿಂದ ಅಕ್ಷರ ಬಲ್ಲ ಬಳಕೆದಾರರಿಗೂ ದೊರೆತಂತಾಯಿತು. ಈ ಹೊಣೆ ಸದ್ಯಕ್ಕೆ ವೈಯಕ್ತಿಕ ದತ್ತಾಂಶದ ಸೂಚನೆಗಷ್ಟೇ ಸೀಮಿತವಾಗಿದೆ. ಹಣ ಮರುಪಾವತಿ, ಖಾತೆಯ ರದ್ದತಿ, ನಷ್ಟಕ್ಕೆ ಹೊಣೆ, ವ್ಯಾಜ್ಯ ನಡೆಯಬೇಕಾದ ಊರು ಮೊದಲಾದ ಉಳಿದ ಷರತ್ತುಗಳ ಭಾಷೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅವು ಅನ್ಯಾಯದವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೂಲಕ ಪ್ರಶ್ನಿಸಬಹುದಾದರೂ, ಅರ್ಥವಾಗದಂತಿವೆ ಎಂಬ ಕಾರಣವೊಂದರಿಂದಲೇ ಅವನ್ನು ಬೀಳಿಸುವ ಸ್ಪಷ್ಟ ನಿಯಮ ಭಾರತದಲ್ಲಿ ಇನ್ನೂ ರೂಪುಗೊಂಡಿಲ್ಲ. ಹೀಗಾಗಿ ಒಂದೇ ಜಾಲತಾಣದ ಒಂದು ಸೂಚನೆ ಕನ್ನಡದಲ್ಲಿ ತಿಳಿಯಾಗಿಯೂ ಅದರ ಪಕ್ಕದ ಷರತ್ತುಗಳು ಹಳೆಯ ನ್ಯಾಯಾಲಯದ ಇಂಗ್ಲಿಷಿನಲ್ಲಿಯೂ ಇರಬಹುದಾದ ಸ್ಥಿತಿ ಏರ್ಪಟ್ಟಿದೆ. ಎರಡನೆಯದು ಮೊದಲನೆಯದರಂತಾಗುವುದು, ನ್ಯೂಯಾರ್ಕಿನಲ್ಲೂ ಯುರೋಪಿನಲ್ಲೂ ಆದಂತೆ, ಗೋಜಲಿನ ಬೆಲೆಯನ್ನು ಅದನ್ನು ಬರೆದವರಿಂದಲೇ ವಸೂಲು ಮಾಡುವ ನಿಯಮ ಆ ಷರತ್ತುಗಳಿಗೂ ವಿಸ್ತರಿಸಿದಾಗಲೇ.